ಒಂದು ಸಲವೂ ಫೇಲ್ ಆಗದ ಫಿಯೆಸ್ಟಾ ಒಳ್ಳೆಯದೋ, ಎರಡು ಸಲ ಫೇಲ್ ಆದ ಜಾಝ್ ಒಳ್ಳೆಯದೋ? ಎಂಒಟಿ ಹಿಸ್ಟರಿ ಓದಲು ಸಹಾಯ ಬೇಕು

ರೆಡಿಂಗ್‌ನಲ್ಲಿ ಹಾಸನದವ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನ ಬಸ್ಸು, ರೈಲಿನಲ್ಲೇ ಹೇಗೋ ನಡೆಯಿತು. ಈಗ ಹೆಂಡತಿಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಶುರುವಾಗುತ್ತಿದೆ. ಇಡೀ ರಾತ್ರಿ ನಿಂತು ಕೆಲಸ ಮಾಡಿ, ಬೆಳಗ್ಗೆ ಚಳಿಯಲ್ಲಿ ಎರಡು ಬಸ್ ಬದಲಾಯಿಸಿಕೊಂಡು ಬಾ ಅಂತ ಹೇಳಲು ನನಗೆ ಮನಸ್ಸಿಲ್ಲ. ಇಲ್ಲಿನ ಲೈಸೆನ್ಸ್ ಹೋದ ತಿಂಗಳು ಇಬ್ಬರಿಗೂ ಸಿಕ್ಕಿತು. ಇನ್ಶೂರೆನ್ಸ್ ದುಡ್ಡು ಬೇರೆ ಎತ್ತಿಟ್ಟು, ಕಾರಿಗೆ ಅಂತ ಇರುವುದು 4,500 ಪೌಂಡ್. ಅದು ಹೋದರೆ ಮತ್ತೆ ಅಷ್ಟು ಕೂಡಿಸಲು ಒಂದು ವರ್ಷ ಬೇಕು, ಅದಕ್ಕೇ ಭಯ.

ಎರಡು ಕಾರು ನೋಡಿಟ್ಟಿದ್ದೇನೆ. ಎರಡರದ್ದೂ ನಂಬರ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಎಂಒಟಿ (ಇಲ್ಲಿ ಹಳೆ ಗಾಡಿಗೆ ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಸುರಕ್ಷತಾ ಪರೀಕ್ಷೆ) ಹಿಸ್ಟರಿ ತೆಗೆದೆ. ಓದಿದಷ್ಟೂ ತಲೆ ಕೆಟ್ಟಿತು.

ಮೊದಲನೆಯದು 2014ರ ಫೋರ್ಡ್ ಫಿಯೆಸ್ಟಾ, 1.0 ಪೆಟ್ರೋಲ್, 88,000 ಮೈಲಿ, ಡೀಲರ್ ಹತ್ತಿರ ಇದೆ, 3,900 ಹೇಳುತ್ತಿದ್ದಾನೆ. 2017ರಿಂದ ಇಲ್ಲಿಯವರೆಗೆ ಒಂದು ಸಲವೂ ಫೇಲ್ ಆಗಿಲ್ಲ! ಆದರೆ 2021ರಲ್ಲಿ ಒಂದು ಅಡ್ವೈಸರಿ, ಅಂದರೆ ಪಾಸ್ ಮಾಡಿ ಜೊತೆಗೆ ಬರೆದ ಎಚ್ಚರಿಕೆ: ಎಡಗಡೆ ಬಾಗಿಲ ಕೆಳಗಿನ ಸಿಲ್‌ಗೆ ತುಕ್ಕು ಹಿಡಿದಿದೆ, ಹಿಂದಿನ ಬ್ರೇಕ್ ಪೈಪಿಗೂ ಸ್ವಲ್ಪ ತುಕ್ಕು. 2022ರಲ್ಲಿ ಎರಡೂ ಕಡೆಯ ಸಿಲ್. 2023ರಲ್ಲಿ ಅದೇ, ಜೊತೆಗೆ ಬ್ರೇಕ್ ಪೈಪಿಗೆ ಗ್ರೀಸ್ ಮೆತ್ತಿದೆ ಅಂತ ಬರೆದಿದ್ದಾರೆ. 2024 ಸೆಪ್ಟೆಂಬರಿನಲ್ಲೂ ಹಾಗೆಯೇ. ಆಮೇಲೆ ಈ ಫೆಬ್ರವರಿಯಲ್ಲಿ ಡೀಲರ್ ಹೊಸದಾಗಿ ಎಂಒಟಿ ಮಾಡಿಸಿದ್ದಾನೆ, ಪಾಸ್, ಒಂದೇ ಒಂದು ಅಡ್ವೈಸರಿ ಇಲ್ಲ. ಅಂದರೆ ಎಲ್ಲ ಸರಿ ಮಾಡಿಸಿದ್ದಾನೆ ಅಂತ ತಾನೆ?

ಎರಡನೆಯದು 2013ರ ಹೋಂಡಾ ಜಾಝ್, 1.4 ಪೆಟ್ರೋಲ್, 60,000 ಮೈಲಿ. ಒಬ್ಬರು ವಯಸ್ಸಾದ ಹೆಂಗಸು ತಾವೇ ಮಾರುತ್ತಿದ್ದಾರೆ, 4,300. ಗಾಡಿ ನೀಟಾಗಿದೆ, ಆದರೆ ಹಿಸ್ಟರಿ ನೋಡಿ ಎದೆ ಧಸಕ್ಕೆಂದಿತು. 2016ರಲ್ಲಿ 12,400 ಮೈಲಿ, 2017ರಲ್ಲಿ 81,300, 2018ರಲ್ಲಿ 25,100! ಮೀಟರ್ ತಿರುಗಿಸಿದ್ದಾರಾ? 2019 ಮೇ ತಿಂಗಳಲ್ಲಿ ಒಂದು ಸಲ ಫೇಲ್, ಅದೇ ದಿನ ಪಾಸ್. ಮುಂದಿನ ಟೆಸ್ಟ್ 2020 ನವೆಂಬರಿನಲ್ಲಿ, ನಡುವೆ ಒಂದೂವರೆ ವರ್ಷ ಟೆಸ್ಟೇ ಇಲ್ಲ. 2022ರಲ್ಲಿ ಮತ್ತೆ ಫೇಲ್, ಮುಂದಿನ ಎಡಗಡೆ ಕಾಯಿಲ್ ಸ್ಪ್ರಿಂಗ್ ಮುರಿದಿದೆ ಅಂತ, ಎರಡು ದಿನ ಬಿಟ್ಟು ಪಾಸ್. ಹೋದ ನವೆಂಬರಿನಲ್ಲಿ ಪಾಸ್, ಆದರೆ ಮುಂದಿನ ಎರಡೂ ಟೈರ್ ಸವೆದಿವೆ, ಬ್ರೇಕ್ ಡಿಸ್ಕ್ ಸವೆದಿದೆ, ಸಸ್ಪೆನ್ಷನ್ ಬುಷ್ ಸವೆದಿದೆ ಅಂತ ಮೂರು ಅಡ್ವೈಸರಿ.

ನನ್ನ ಮನಸ್ಸು ಫಿಯೆಸ್ಟಾ ಕಡೆ ಇದೆ. ಫೇಲ್ ಆಗದ ಗಾಡಿ, ಕಡಿಮೆ ರೇಟು. ತಿಳಿದವರು ದಯವಿಟ್ಟು ಹೇಳಿ. ಶನಿವಾರ ಎರಡನ್ನೂ ನೋಡಲು ಹೋಗುತ್ತೇನೆ.

ಕಾವೆಂಟ್ರಿ ಗ್ಯಾರೇಜಿನವನು:

ಸರ್, ದಯವಿಟ್ಟು ಶನಿವಾರ ಫಿಯೆಸ್ಟಾಗೆ ಅಡ್ವಾನ್ಸ್ ಕೊಟ್ಟು ಬರಬೇಡಿ. ನನ್ನ ಊರು ಶಿರಸಿ ಹತ್ತಿರ, ಇಲ್ಲಿ ಎಂಟು ವರ್ಷದಿಂದ ಎಂಒಟಿ ಟೆಸ್ಟರ್. ನೀವು ಬರೆದದ್ದನ್ನೇ ಇಟ್ಟುಕೊಂಡು ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಆ 81,300. ಮೈಲೇಜನ್ನು ಯಾವ ಮೆಷಿನ್ನೂ ಓದುವುದಿಲ್ಲ. ನಾವೇ ಡ್ಯಾಶ್‌ಬೋರ್ಡ್ ನೋಡಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು, ಗ್ರೀಸ್ ಕೈಯಲ್ಲಿ, ಹಿಂದೆ ಇನ್ನೊಂದು ಗಾಡಿ ಕಾಯುತ್ತಿರುವಾಗ. 8 ಮತ್ತು 1 ಅದಲುಬದಲು ಮಾಡಿ ನೋಡಿ: 18,300. ಈಗ 12,400, 18,300, 25,100. ವರ್ಷಕ್ಕೆ ಆರು ಸಾವಿರದ ಮೇಲೆ ಚೂರು, ಸರಿಯಾಗಿ ಕೂರುತ್ತದೆ ಅಲ್ವಾ? ಅದು ಟೈಪ್ ಮಾಡಿದವನ ತಪ್ಪು, ಆ ಹೆಂಗಸಿನದ್ದಲ್ಲ. ಮೀಟರ್ ತಿರುಗಿಸಿದ ಗಾಡಿಯಲ್ಲಿ ಒಂದು ವರ್ಷ ಮಾತ್ರ ಮೇಲೆ ಹಾರಿ ಮತ್ತೆ ಗೆರೆಗೆ ಬರುವುದಿಲ್ಲ. ಏರುತ್ತಾ ಬಂದದ್ದು ಒಮ್ಮೆ ಕೆಳಗೆ ಬೀಳುತ್ತದೆ, ಅಲ್ಲಿಂದಲೇ ಮತ್ತೆ ಏರಲು ಶುರು ಮಾಡುತ್ತದೆ. ಇನ್ನೂ ಜಾಣರು ಇಳಿಸುವುದೇ ಇಲ್ಲ, ವರ್ಷಕ್ಕೆ ಹದಿನೈದು ಸಾವಿರ ಓಡುತ್ತಿದ್ದ ಗಾಡಿ ಮಾರುವ ಮುಂಚೆ ಎರಡು ವರ್ಷ ಬರೀ ಎರಡು ಸಾವಿರ ಓಡಿದಂತೆ ತೋರಿಸುತ್ತದೆ. ಅಂಥದ್ದು ಕಂಡರೆ ಸ್ಟೀರಿಂಗ್ ಚರ್ಮ, ಪೆಡಲ್ ರಬ್ಬರ್ ನೋಡಿ. ಅವು ಸುಳ್ಳು ಹೇಳುವುದಿಲ್ಲ.

ಒಂದೂವರೆ ವರ್ಷದ ಖಾಲಿ ಜಾಗ: 2020ರ ಮಾರ್ಚ್ 30ರಿಂದ ಜುಲೈ 31ರೊಳಗೆ ಎಂಒಟಿ ಮುಗಿಯಬೇಕಿದ್ದ ಕಾರುಗಳಿಗೆ ಸರ್ಕಾರವೇ ಕೋವಿಡ್ ಅಂತ ಆರು ತಿಂಗಳು ಮುಂದಕ್ಕೆ ಕೊಟ್ಟಿತ್ತು. ಮೇ ತಿಂಗಳ ಗಾಡಿ ನವೆಂಬರಿಗೆ ಹೋಯಿತು, ಅಲ್ಲಿಂದ ಪ್ರತಿ ವರ್ಷ ನವೆಂಬರ್. ಅದರಲ್ಲಿ ಚಿಂತೆ ಮಾಡುವಂಥದ್ದು ಏನೂ ಇಲ್ಲ. ಬೇರೆ ವರ್ಷದಲ್ಲಿ ಅಷ್ಟು ದೊಡ್ಡ ಖಾಲಿ ಇದ್ದರೆ ಮಾತ್ರ ಕೇಳಬೇಕು, ಗಾಡಿ ಎಲ್ಲಿತ್ತು, ಯಾಕೆ ನಿಂತಿತ್ತು, ಆಕ್ಸಿಡೆಂಟ್ ಆಗಿತ್ತಾ ಅಂತ.

ಈಗ ಮುಖ್ಯ ವಿಷಯ. ನೀವು ಫೇಲ್ ಅಂದರೆ ಕೆಟ್ಟದ್ದು, ಪಾಸ್ ಅಂದರೆ ಒಳ್ಳೆಯದು ಅಂದುಕೊಂಡಿದ್ದೀರಿ. ಹಳೆ ಗಾಡಿ ಕೊಳ್ಳುವವನಿಗೆ ಅದು ಬಹಳ ಸಲ ಉಲ್ಟಾ. ಸ್ಪ್ರಿಂಗ್ ಮುರಿದು ಫೇಲ್ ಆಗಿ ಎರಡು ದಿನದಲ್ಲಿ ಪಾಸ್ ಆಯಿತು ಅಂದರೆ ಹೊಸ ಸ್ಪ್ರಿಂಗ್ ಬಿದ್ದಿದೆ ಅಂತಲೇ ಅರ್ಥ, ಹಾಕದೆ ಪಾಸ್ ಆಗಲು ಸಾಧ್ಯವಿಲ್ಲ. ಅಡ್ವೈಸರಿಗೆ ಆ ಬಲವಂತ ಇಲ್ಲ. 'ಗಮನ ಇಟ್ಟಿರಿ' ಅಂತ ನಾವು ಬರೆಯುತ್ತೇವೆ, ಓನರ್ ಕಾಗದ ಮಡಚಿ ಗ್ಲೌವ್ ಬಾಕ್ಸಿಗೆ ಹಾಕುತ್ತಾನೆ. ಮುಂದಿನ ವರ್ಷ ಅದೇ ಗಾಡಿ, ಅದೇ ಮಾತು. ಆದ್ದರಿಂದ ಹಿಸ್ಟರಿ ಓದುವಾಗ ಪಾಸ್, ಫೇಲ್ ಎಣಿಸಬೇಡಿ. ಈ ವರ್ಷ ಬರೆದದ್ದು ಮುಂದಿನ ವರ್ಷ ಮಾಯವಾಗಿದೆಯಾ, ಹಾಗೇ ಇದೆಯಾ, ಬೆಳೆದಿದೆಯಾ ಅಂತ ನೋಡಿ. ಟೈರ್ ಸವೆದಿದೆ ಅಂತ ಒಂದು ವರ್ಷ ಬರೆದು ಮುಂದಿನ ವರ್ಷ ಆ ಮಾತೇ ಇಲ್ಲದಿದ್ದರೆ ಟೈರ್ ಬದಲಾಯಿಸಿದ್ದಾರೆ, ಆ ಓನರ್ ದುಡ್ಡು ಹಾಕುವವರು. ಜಾಝ್‌ನ ಹಿಂದಿನ ವರ್ಷಗಳನ್ನು ಹಾಗೆ ಒಂದರ ಪಕ್ಕ ಒಂದಿಟ್ಟು ಓದಿ. ಅದೇ ದಿನ ಪಾಸ್ ಆದ 2019ರ ಫೇಲ್ ಬಹುಶಃ ಒಂದು ಬಲ್ಬೋ ವೈಪರ್ ಬ್ಲೇಡೋ ಇರುತ್ತದೆ, ಕ್ಲಿಕ್ ಮಾಡಿದರೆ ಕಾಣುತ್ತದೆ.

ಈಗ ಹೋದ ನವೆಂಬರಿನ ಮೂರು ಅಡ್ವೈಸರಿ. ಟೈರು, ಡಿಸ್ಕು, ಬುಷ್ಷು ಸವೆಯುವುದಕ್ಕೇ ಇರುವ ಸಾಮಾನು. ದುಡ್ಡು ಕೊಟ್ಟರೆ ಒಂದು ದಿನದಲ್ಲಿ ಹೊಸದಾಗುತ್ತವೆ, ಎಷ್ಟು ಖರ್ಚು ಅಂತ ಮೊದಲೇ ಗೊತ್ತಿರುತ್ತದೆ. ಚೌಕಾಸಿಗೆ ಬಳಸಿಕೊಳ್ಳಿ. ತುಕ್ಕು ಹಾಗಲ್ಲ. ಅದು ಎಷ್ಟು ದೂರ ಹೋಗಿದೆ ಅಂತ ಕತ್ತರಿಸಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕಡೆಯವರಿಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಎಷ್ಟೇ ಮಳೆ ಹೊಯ್ದರೂ ರಸ್ತೆಗೆ ಉಪ್ಪು ಸುರಿಯುವುದಿಲ್ಲ, ಇಲ್ಲಿ ಮಂಜುಗಡ್ಡೆ ಕಟ್ಟದಿರಲಿ ಅಂತ ಪ್ರತಿ ಚಳಿಗಾಲ ಸುರಿಯುತ್ತಾರೆ, ಆ ಉಪ್ಪಿಗೇ ಗಾಡಿಯ ಅಡಿ ತುಕ್ಕು ಹಿಡಿಯುವುದು. ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಲೋಹ, ಗಾಡಿಯ ಗಟ್ಟಿತನವೇ ಅಲ್ಲಿದೆ. ಸೀಟ್‌ಬೆಲ್ಟ್ ಅಥವಾ ಸಸ್ಪೆನ್ಷನ್ ಕೂರಿಸಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ತಿಂದುಹೋಗಿದ್ದರೆ ನೇರ ಫೇಲ್.

ನಾಲ್ಕು ವರ್ಷ ಬೆಳೆಯುತ್ತಾ ಬಂದ ತುಕ್ಕು ಐದು ತಿಂಗಳಲ್ಲಿ ತಾನಾಗಿ ವಾಸಿಯಾಗುವುದಿಲ್ಲ ಸರ್. ಒಂದೋ ಕೊಳೆತ ಭಾಗ ಕತ್ತರಿಸಿ ವೆಲ್ಡಿಂಗ್ ಮಾಡಿಸಿದ್ದಾರೆ, ಆಗ ಬಿಲ್ ಇರುತ್ತದೆ. ಇಲ್ಲವೋ ತುಕ್ಕು ಕಾಣದ ಹಾಗೆ ಕಪ್ಪು ಅಂಡರ್‌ಸೀಲ್ (ಗಾಡಿಯ ಅಡಿಗೆ ಬಳಿಯುವ ದಪ್ಪ ಲೇಪ) ಬಳಿದಿದ್ದಾರೆ. ನಾವು ಟೆಸ್ಟಿನಲ್ಲಿ ಏನನ್ನೂ ಬಿಚ್ಚುವ ಹಾಗಿಲ್ಲ, ಅಡಿಯ ಪ್ಲಾಸ್ಟಿಕ್ ಕವರ್ ತೆಗೆಯುವ ಹಾಗಿಲ್ಲ, ಕಾರ್ಪೆಟ್ ಎತ್ತುವ ಹಾಗಿಲ್ಲ. ಬ್ರೇಕ್ ಪೈಪಿಗೆ ಗ್ರೀಸ್ ಮೆತ್ತಿದೆ ಅಂತ ಬರೆದ ಟೆಸ್ಟರ್ ಹೇಳುತ್ತಿರುವುದೂ ಅದನ್ನೇ: ಒಳಗೆ ಹೇಗಿದೆಯೋ ನನಗೆ ಕಾಣಲಿಲ್ಲ. ಒಬ್ಬೊಬ್ಬ ಟೆಸ್ಟರ್ ಒಂದೊಂದು ಥರ, ಕೆಲವರು ಚಿಕ್ಕ ಗೀರನ್ನೂ ಬರೆಯುತ್ತಾರೆ, ಕೆಲವರು ಪಾಸ್ ಆದರೆ ಸಾಕು ಅಂತ ಬಿಡುತ್ತಾರೆ. ಹಾಗಾಗಿ ಅಡ್ವೈಸರಿ ಇಲ್ಲ ಅನ್ನುವುದು ಒಂದು ಸಲ ಬಂದರೆ ನಂಬಬೇಡಿ, ವರ್ಷಾನುವರ್ಷ ಬಂದರೆ ನಂಬಿ. ಡೀಲರ್ ಮಾರುವ ಮುಂಚೆ ಹೊಸ ಎಂಒಟಿ ಮಾಡಿಸುವುದು ತಪ್ಪಲ್ಲ, ಎಲ್ಲರೂ ಮಾಡಿಸುತ್ತಾರೆ. ಅದರ ಮುಂಚಿನ ಟೆಸ್ಟ್ ಜೊತೆ ಅದು ತಾಳೆ ಆಗಬೇಕು, ಅಷ್ಟೇ.

ಇನ್ನೊಂದು ಮಾತು. 2018ರ ಮೇ 20ರಿಂದ ದೋಷಗಳನ್ನು ಡೇಂಜರಸ್, ಮೇಜರ್, ಮೈನರ್ ಅಂತ ವಿಂಗಡಿಸುತ್ತಾರೆ. ಮೊದಲ ಎರಡಕ್ಕೆ ಫೇಲ್, ಮೈನರ್‌ಗೆ ಪಾಸ್. ಯಾವ ಗಾಡಿಗಾದರೂ ಡೇಂಜರಸ್ ಅಂತ ಪದೇ ಪದೇ ಬಂದಿದ್ದರೆ, ಟೈರಿನ ತಂತಿ ಹೊರಗೆ ಬರುವವರೆಗೆ ಓಡಿಸಿದ್ದಾರೆ ಅಂತೆಲ್ಲ, ಆ ಮನುಷ್ಯ ಎಂಜಿನ್ ಆಯಿಲ್ ಎಷ್ಟು ಸಲ ಬದಲಾಯಿಸಿರಬಹುದು ನೀವೇ ಯೋಚಿಸಿ. ಯಾಕೆಂದರೆ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಒಳಗೆ ಹೇಗಿವೆ ಅಂತ ಎಂಒಟಿ ನೋಡುವುದೇ ಇಲ್ಲ. ಆ ಫಿಯೆಸ್ಟಾದಲ್ಲಿರುವುದು ಫೋರ್ಡಿನ 1.0 ಇಕೋಬೂಸ್ಟ್ ಎಂಜಿನ್ ಆಗಿದ್ದರೆ ಅದರ ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗಿನ ಭಾಗಗಳನ್ನು ತಾಳಕ್ಕೆ ಸರಿಯಾಗಿ ತಿರುಗಿಸುವ ಪಟ್ಟಿ) ಆಯಿಲ್ ಒಳಗೇ ತಿರುಗುವಂಥದ್ದು. 10 ವರ್ಷ ಅಥವಾ 1,50,000 ಮೈಲಿ, ಯಾವುದು ಮೊದಲೋ ಆಗ ಬದಲಾಯಿಸಬೇಕು. 2014ರ ಗಾಡಿಗೆ ಹತ್ತು ವರ್ಷ ಆಗಿಹೋಯಿತು, ಸಾವಿರ ಪೌಂಡಿನ ಆಸುಪಾಸಿನ ಕೆಲಸ. ಜಾಝ್‌ಗೆ ಬೆಲ್ಟ್ ಬದಲು ಚೈನ್ ಇದೆ, ಆ ತಾಪತ್ರಯ ಇಲ್ಲ.

ಲೀಡ್ಸ್ ಕನ್ನಡತಿ:

ಮೇಲಿನವರು ಬರೆದ ಅಂಡರ್‌ಸೀಲ್ ಮಾತು ಓದಿ ನನ್ನ ಹಳೆ ಗಾಯ ಕೆದಕಿದ ಹಾಗಾಯಿತು. ಹಾಸನದವರೇ, ನಿಮ್ಮ ಫಿಯೆಸ್ಟಾ ಕಥೆ ಅಕ್ಷರಶಃ ನಮ್ಮದೇ.

2019ರಲ್ಲಿ ಮಗಳಿಗೆ ಒಂಬತ್ತು ತಿಂಗಳು, ಗಡಿಬಿಡಿಯಲ್ಲಿ ಒಬ್ಬ ಡೀಲರ್ ಹತ್ತಿರ ಒಂಬತ್ತು ವರ್ಷದ ಹಳೆ ಗಾಡಿ ತಗೊಂಡೆವು. ಹೊಸ ಎಂಒಟಿ, ಒಂದೂ ಅಡ್ವೈಸರಿ ಇಲ್ಲ. ಹಿಂದಿನ ವರ್ಷಗಳನ್ನು ನಾವು ಕ್ಲಿಕ್ ಮಾಡಿ ನೋಡಲೇ ಇಲ್ಲ, ಹಸಿರು ಬಣ್ಣದ ಪಾಸ್ ಕಂಡಿತು, ಸಾಕು ಅನಿಸಿತು. ಮುಂದಿನ ವರ್ಷ ಟೆಸ್ಟಿಗೆ ಬಿಟ್ಟಾಗ ಗ್ಯಾರೇಜಿನವರು ನನ್ನನ್ನೇ ಒಳಗೆ ಕರೆದರು. ಗಾಡಿ ರಾಂಪಿನ ಮೇಲಿತ್ತು. ಕೆಳಗಿನಿಂದ ನೋಡಿದರೆ ಎಲ್ಲ ಕಡೆ ಕಪ್ಪಗೆ, ನೀಟಾಗಿ, ಹೊಸ ತವೆಯ ಹಾಗೆ. ಅವರು ಕೈಯಲ್ಲಿದ್ದ ಚಿಕ್ಕ ಉಪಕರಣದಿಂದ ಸಿಲ್ ಉದ್ದಕ್ಕೂ ಟಕ್ ಟಕ್ ಅಂತ ತಟ್ಟುತ್ತಾ ಬಂದರು. ಮುಂದೆ ಲೋಹದ ಸದ್ದು. ಹಿಂದಿನ ಚಕ್ರದ ಹತ್ತಿರ ಬರುವಾಗ ಸದ್ದು ಬದಲಾಯಿತು, ರಟ್ಟಿನ ಡಬ್ಬ ತಟ್ಟಿದ ಹಾಗೆ. ಮರುಕ್ಷಣ ಕಪ್ಪು ಹಕ್ಕಳೆ ಉದುರಿತು, ಅದರ ಹಿಂದೆ ಕೆಂಪು ಪುಡಿ, ನನ್ನ ಹೆಬ್ಬೆರಳು ಹೋಗುವಷ್ಟು ತೂತು. ನನ್ನ ಮಗುವಿನ ಸೀಟು ಸರಿಯಾಗಿ ಅದರ ಮೇಲಿನ ಭಾಗದಲ್ಲೇ ಇತ್ತು. ಒಂದು ವರ್ಷ ಅವಳನ್ನು ಅಲ್ಲಿ ಕೂರಿಸಿಕೊಂಡು ಮೋಟರ್‌ವೇಯಲ್ಲಿ ಓಡಾಡಿದ್ದೆವು. ದುಡ್ಡು ಹೋಗಿದ್ದಕ್ಕಿಂತ ಅದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ವೆಲ್ಡಿಂಗಿಗೆ 900 ಪೌಂಡ್ ಆಯಿತು. ಮನೆಗೆ ಬಂದು ಹಳೆಯ ಹಿಸ್ಟರಿ ತೆಗೆದರೆ ನಾವು ಕೊಳ್ಳುವ ಮುಂಚಿನ ಎರಡು ವರ್ಷವೂ 'ಸಿಲ್ ತುಕ್ಕು' ಅಂತ ಕಣ್ಣಿಗೆ ರಾಚುವ ಹಾಗೆ ಬರೆದಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ. ನೀವು ಆ ಹಿಸ್ಟರಿಯನ್ನು ದುಡ್ಡು ಕೊಡುವ ಮುಂಚೆಯೇ ಓದಿದ್ದೀರಿ, ಪುಣ್ಯ ಮಾಡಿದ್ದೀರಿ. ವೆಲ್ಡಿಂಗ್ ಬಿಲ್ ಕೇಳಿ. ಬಾಯಿ ಮಾತಿಗೆ ಬಗ್ಗಬೇಡಿ.

ಮೈಸೂರಿನಿಂದ:

ನನ್ನ ತಮ್ಮ ಅಲ್ಲಿದ್ದಾನೆ, ಅದಕ್ಕೇ ಈ ಚರ್ಚೆ ಓದುತ್ತಾ ಕುಳಿತೆ. ಬರೀ ನಂಬರ್ ಹಾಕಿದರೆ ಹತ್ತು ವರ್ಷದ ಮೈಲೇಜು, ತುಕ್ಕು, ಟೈರು ಎಲ್ಲ ಪುಕ್ಕಟೆ ಸಿಗುತ್ತದಲ್ಲ, ಅದೇ ದೊಡ್ಡ ಭಾಗ್ಯ. ಇಲ್ಲಿ ಸ್ವಂತ ಕಾರಿಗೆ ಮೊದಲ 15 ವರ್ಷ ಯಾರೂ ಅಡಿಗೆ ಬಗ್ಗಿ ನೋಡುವುದಿಲ್ಲ, ಆರ್‌ಸಿ ರಿನ್ಯೂ ಮಾಡಿಸುವಾಗಲೇ ಎಫ್‌ಸಿ. ನಡುವೆ ಬರೀ ಎಮಿಷನ್ ಟೆಸ್ಟ್, ಅದು ಹೊಗೆ ಮಾತ್ರ ನೋಡುತ್ತದೆ. ನಾವು ಇಲ್ಲಿ ಶೋರೂಮಿನ ಸರ್ವೀಸ್ ರೆಕಾರ್ಡ್ ತೆಗೆಸಿ ಪ್ರತಿ ಸರ್ವೀಸಿಗೆ ಎಷ್ಟು ಕಿಲೋಮೀಟರ್ ಇತ್ತು ಅಂತ ಸಾಲಾಗಿ ಬರೆದುಕೊಳ್ಳುತ್ತೇವೆ, ನೀವು ಮೈಲೇಜ್ ನೋಡಿದ ಹಾಗೆಯೇ. ಆಮೇಲೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡುತ್ತೇವೆ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ 50 ಪರ್ಸೆಂಟ್ ಇರಬೇಕು. ಏಳು ವರ್ಷ ಒಬ್ಬರೇ ಇಟ್ಟುಕೊಂಡ ಗಾಡಿಯಲ್ಲಿ 'ಒಂದು ಗೀರೂ ಆಗಿಲ್ಲ ಸಾರ್' ಅಂದವರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ಅಲ್ಲೇ ಮಾತು ನಿಲ್ಲಿಸಬೇಕು. ಅಲ್ಲಿಗೂ ಇಲ್ಲಿಗೂ ಸೂತ್ರ ಒಂದೇ ಅನಿಸಿತು, ಮಾರುವವರು ಹೇಳಿದ್ದನ್ನು ಅವರು ಬರೆಯದ ಕಾಗದದ ಜೊತೆ ಇಟ್ಟು ನೋಡುವುದು.

ಸ್ಲೌ ನಿವಾಸಿ:

ಒಂದು ವಿಷಯ ಯಾರೂ ಹೇಳಿಲ್ಲ. ಎಂಒಟಿ ಹಿಸ್ಟರಿಯಲ್ಲಿ ಆಕ್ಸಿಡೆಂಟ್ ಬರುವುದಿಲ್ಲ, ಗಾಡಿಯ ಮೇಲೆ ಯಾರದ್ದಾದರೂ ಸಾಲ ಇದೆಯಾ ಅನ್ನುವುದೂ ಬರುವುದಿಲ್ಲ. ಇನ್ಶೂರೆನ್ಸ್‌ನವರು ರೈಟ್ ಆಫ್ ಮಾಡಿದ, ಅಂದರೆ ರಿಪೇರಿ ಮಾಡಿಸಿಕೊಡದೆ ಕೈಬಿಟ್ಟ ಗಾಡಿಗಳಲ್ಲಿ ರಿಪೇರಿ ಆಗಬಹುದಾದವನ್ನು ಕೆಟಗರಿ ಎಸ್, ಕೆಟಗರಿ ಎನ್ ಅಂತ ಕರೆಯುತ್ತಾರೆ. ಎಸ್ ಅಂದರೆ ಗಾಡಿಯ ಚೌಕಟ್ಟಿಗೇ ಪೆಟ್ಟು ಬಿದ್ದದ್ದು, ಎನ್ ಅಂದರೆ ಚೌಕಟ್ಟಿಗೆ ಪೆಟ್ಟು ಬೀಳದ್ದು. ಇವು ರಿಪೇರಿ ಆಗಿ ಎಂಒಟಿ ಪಾಸ್ ಆಗಿ ಮತ್ತೆ ರಸ್ತೆಗೆ ಬರುತ್ತವೆ. ಅದಕ್ಕೆ ಬೇರೆ ದುಡ್ಡು ಕೊಟ್ಟು ಚೆಕ್ ಮಾಡಿಸಬೇಕು, ಮಾಡಿಸಿ, ಜಿಪುಣತನ ಬೇಡ.

ಡೀಲರ್ ಹತ್ತಿರ ತಗೊಂಡರೆ 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ ಪ್ರಕಾರ ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಡುವ ಹಕ್ಕಿದೆ. ಆ ಹೆಂಗಸಿನಂತೆ ತಮ್ಮ ಗಾಡಿ ತಾವೇ ಮಾರುವವರ ಹತ್ತಿರ ತಗೊಂಡರೆ ಅದಿಲ್ಲ, ಅವರು ಸುಳ್ಳು ಹೇಳಿ ಮಾರಿದ್ದರೆ ಮಾತ್ರ ಕೇಳಬಹುದು. ಹಾಗಾಗಿ ಜಾಝ್ ನೋಡುವಾಗ ಇನ್ನೂ ಜಾಸ್ತಿ ಹುಷಾರಾಗಿರಿ. ಅವರ ಲಾಗ್‌ಬುಕ್ ಅಂದರೆ ವಿ5ಸಿ (ನಮ್ಮ ಆರ್‌ಸಿಯಂಥದ್ದು) ಮೇಲಿರುವ 11 ಅಂಕಿಯ ನಂಬರ್ ಹಾಕಿದರೆ ಯಾವ ವರ್ಷ ಯಾವ ಗ್ಯಾರೇಜಿನಲ್ಲಿ ಟೆಸ್ಟ್ ಆಯಿತು ಅಂತಲೂ ತೋರಿಸುತ್ತದೆ. ಎಲ್ಲ ಒಂದೇ ಊರಿನಲ್ಲಿ ಆಗಿದ್ದರೆ ಒಳ್ಳೆಯ ಲಕ್ಷಣ.

ರೆಡಿಂಗ್‌ನಲ್ಲಿ ಹಾಸನದವ:

ನಿನ್ನೆ ಎರಡೂ ಕಡೆ ಹೋಗಿ ಬಂದೆ. ನಿಮಗೆಲ್ಲ ಹೇಳದಿದ್ದರೆ ಸಮಾಧಾನ ಇಲ್ಲ.

ಮೊದಲು ಫಿಯೆಸ್ಟಾ. ಡೀಲರ್ ತುಂಬಾ ನಯವಾಗಿ ಮಾತಾಡಿದ, ಚಹಾ ಕೊಟ್ಟ. ಸಿಲ್ ಸರಿ ಮಾಡಿಸಿದ ಬಿಲ್ ಇದೆಯಾ ಅಂದೆ. 'ಹೊಸ ಎಂಒಟಿ ಇದೆಯಲ್ಲ' ಅಂದ. ಇದೆ, ಆದರೆ ಸೆಪ್ಟೆಂಬರಿನಲ್ಲಿ ಇದ್ದ ತುಕ್ಕು ಎಲ್ಲಿ ಹೋಯಿತು ಅಂದೆ. ಮತ್ತೆ ಅದೇ ಉತ್ತರ. ಮಂಡಿಯೂರಿ ಫೋನಿನ ಟಾರ್ಚ್ ಬಿಟ್ಟು ನೋಡಿದೆ. ಲೀಡ್ಸ್ ಮೇಡಂ ಹೇಳಿದ ಹಾಗೆಯೇ ಕಪ್ಪಗೆ, ಬ್ರಷ್ ಎಳೆದ ಗೆರೆ ಕೂಡ ಕಾಣುತ್ತಿತ್ತು. ಬಣ್ಣ ಎಷ್ಟು ಹೊಸದು ಅಂದರೆ ಬೆರಳಿಗೆ ಸ್ವಲ್ಪ ಅಂಟಿತು. ಬೆಲ್ಟ್ ಬದಲಾಯಿಸಿದ ದಾಖಲೆಯೂ ಇಲ್ಲ. ಥ್ಯಾಂಕ್ಯೂ ಹೇಳಿ ಎದ್ದು ಬಂದೆ.

ಜಾಝ್ ಅಮ್ಮ ಬಾಗಿಲು ತೆಗೆಯುವಾಗಲೇ ಕೈಯಲ್ಲಿ ಒಂದು ನೀಲಿ ಫೈಲ್ ಹಿಡಿದುಕೊಂಡಿದ್ದರು. 2013ರಿಂದ ಎಲ್ಲ ಬಿಲ್, ವರ್ಷದ ಪ್ರಕಾರ ಜೋಡಿಸಿದ್ದು. 2022ರ ಸ್ಪ್ರಿಂಗ್ ಬಿಲ್ ಕೇಳಿದೆ, ತಕ್ಷಣ ತೆಗೆದು ತೋರಿಸಿದರು. ಮುಂದಿನದ್ದು ಎರಡೂ ಕಡೆ ಹೊಸದು ಹಾಕಿಸಿದ್ದಾರೆ, ಮುರಿದದ್ದು ಒಂದೇ ಆದರೂ. 2017ರ ಸರ್ವೀಸ್ ಬಿಲ್ಲಿನಲ್ಲಿ 18,295 ಮೈಲಿ ಅಂತ ಇತ್ತು, ಕಾವೆಂಟ್ರಿಯವರೇ, ನಿಮ್ಮ ಲೆಕ್ಕ ಸರಿ. 2019ರ ಫೇಲ್ ನಂಬರ್ ಪ್ಲೇಟ್ ಬಲ್ಬಿಗಾಗಿ. ಸಾಲ, ರೈಟ್ ಆಫ್ ಚೆಕ್ ಮಾಡಿಸಿದೆ, ಏನೂ ಇಲ್ಲ. ಟೈರು, ಡಿಸ್ಕ್, ಬುಷ್ ಮೂರಕ್ಕೂ ಸೇರಿ ನಮ್ಮ ಹತ್ತಿರದ ಗ್ಯಾರೇಜಿನವರು ಫೋನಿನಲ್ಲಿ 430 ಅಂದಿದ್ದರು. ಅದನ್ನೇ ಅವರಿಗೆ ತೋರಿಸಿದೆ, ಒಂದು ನಿಮಿಷ ಯೋಚಿಸಿ 4,000ಕ್ಕೆ ಒಪ್ಪಿದರು. ಗುರುವಾರ ಗಾಡಿ ತರುವುದು. ಹೆಂಡತಿಯ ಮೊದಲ ನೈಟ್ ಡ್ಯೂಟಿ ಶುಕ್ರವಾರ.

ಕಾವೆಂಟ್ರಿ ಗ್ಯಾರೇಜಿನವನು:

ತುಂಬಾ ಖುಷಿ ಆಯಿತು ಸರ್. ಎರಡೂ ಸ್ಪ್ರಿಂಗ್ ಒಟ್ಟಿಗೆ ಹಾಕಿಸಿದ್ದಾರೆ ಅಂದರೆ ಆ ತಾಯಿ ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಎರಡು ಮಾತು ಮರೆಯಬೇಡಿ. ಅವರು ಕಟ್ಟಿದ ರೋಡ್ ಟ್ಯಾಕ್ಸ್ ನಿಮಗೆ ಬರುವುದಿಲ್ಲ, 2014ರಿಂದ ಆ ನಿಯಮ ಇದೆ. ಗುರುವಾರ ಅವರ ಮನೆ ಮುಂದೆಯೇ ನಿಂತು ಫೋನಿನಲ್ಲಿ ಟ್ಯಾಕ್ಸ್ ಕಟ್ಟಿ, ಇನ್ಶೂರೆನ್ಸ್ ಶುರು ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ಇನ್ನೊಂದು, ಇಲ್ಲಿ ಜಾಝ್‌ಗಳ ಕ್ಯಾಟಲಿಟಿಕ್ ಕನ್ವರ್ಟರ್ (ಗಾಡಿಯ ಅಡಿಯಲ್ಲಿ ಹೊಗೆ ಶುದ್ಧ ಮಾಡುವ ಸಾಮಾನು) ಕದಿಯುವ ಕಳ್ಳರಿದ್ದಾರೆ. ಮೇಡಂ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಗಾಡಿ ನಿಲ್ಲಿಸುವವರು, ದೀಪ ಇರುವ ಕಡೆ, ಜನ ಓಡಾಡುವ ಬಾಗಿಲ ಹತ್ತಿರ ನಿಲ್ಲಿಸಲು ಹೇಳಿ.